ಓಟು ಹಾಕಲು ಹೆಬ್ಬೆಟ್ಟಿನ ಮಿಷನ್ ಬೇಕೇ?

ಓಟು ಹಾಕುವವರನ್ನು ಬಯೋಮೆಟ್ರಿಕ್ ಯಂತ್ರದಿಂದ ಗುರುತಿಸಬೇಕು ಅಂತ ಕೆಲವರು ಹೇಳುತ್ತಾರೆ. ಬಯೋಮೆಟ್ರಿಕ್ ಎಂದರೆ ಬೆರಳಚ್ಚು, ಕಣ್ಣಿನ ಪಾಪೆ, ಮುಖ ಇವುಗಳಿಂದ ಗುರುತು ಹಿಡಿಯುವುದು. ಆಗ ಒಬ್ಬರ ಓಟನ್ನು ಇನ್ನೊಬ್ಬರು ಹಾಕಲು ಆಗುವುದಿಲ್ಲ ಎಂಬುದು ಅವರ ವಾದ. ಕಳ್ಳ ಓಟು ನಿಲ್ಲಬೇಕು, ನಿಜ. ಆದರೆ ಮಿಷನ್ ಒಪ್ಪದಿದ್ದರೆ ಓಟೇ ಇಲ್ಲ ಎನ್ನುವುದು ಸರಿಯಲ್ಲ.

ಯಾಕೆ ಅಂತೀರಾ? ರೇಷನ್ ತರಲು ಹೋದಾಗ ನಮ್ಮಜ್ಜಿಯ ಹೆಬ್ಬೆಟ್ಟನ್ನು ಮಿಷನ್ ಎಷ್ಟೋ ಸಲ ಒಪ್ಪುವುದೇ ಇಲ್ಲ. ಕಳೆ ಕಿತ್ತು, ಪಾತ್ರೆ ತಿಕ್ಕಿ ಅಜ್ಜಿಯ ಬೆರಳಿನ ಗೆರೆಗಳು ಸವೆದುಹೋಗಿವೆ. ಗಾರೆ ಕೆಲಸದವರಿಗೂ ಹೀಗೇ ಆಗುತ್ತದೆ. ಹೆಚ್ಚು ದುಡಿದ ಕೈಯನ್ನೇ ಮಿಷನ್ ಗುರುತಿಸುವುದಿಲ್ಲ! ರೇಷನ್ನಿಗಾದರೆ ನಾಳೆ ಬನ್ನಿ ಅನ್ನಬಹುದು. ಓಟಿಗೆ ನಾಳೆ ಎಂಬುದಿಲ್ಲ.

ಲೆಕ್ಕ ಮಾಡಿ ನೋಡೋಣ. ಒಂದು ಮತಗಟ್ಟೆಯಲ್ಲಿ 1,000 ಮತದಾರರು ಎಂದಿಟ್ಟುಕೊಳ್ಳಿ. ನೂರಕ್ಕೆ 2 ಜನರ ಬೆರಳು ಒಪ್ಪದಿದ್ದರೂ 20 ಜನ ಓಟು ಹಾಕದೆ ವಾಪಸ್ಸು ಬರಬೇಕು. ಪಂಚಾಯ್ತಿ ಚುನಾವಣೆಯಲ್ಲಿ ಅದಕ್ಕಿಂತ ಕಡಿಮೆ ಓಟಿನಲ್ಲಿ ಸೋತವರೂ ಇದ್ದಾರೆ.

ಬೇರೆ ದೇಶಗಳಲ್ಲಿ ಏನಾಯಿತು ನೋಡಿ. ಆಫ್ರಿಕಾದ ಘಾನಾದಲ್ಲಿ 2012ರ ಚುನಾವಣೆಗೆ ಬೆರಳಚ್ಚಿನ ಯಂತ್ರ ತಂದರು. ಕೆಲವು ಕಡೆ ಅದು ಕೆಟ್ಟು, ಅಲ್ಲಿ ಮಾರನೇ ದಿನವೂ ಮತದಾನ ನಡೆಸಬೇಕಾಯಿತು. ಕೀನ್ಯಾದಲ್ಲಿ 2013ರಲ್ಲಿ ಎಷ್ಟೋ ಮತಗಟ್ಟೆಗಳಲ್ಲಿ ಬ್ಯಾಟರಿ ಮುಗಿದು, ಕೊನೆಗೆ ಕಾಗದದ ಪಟ್ಟಿ ನೋಡಿಯೇ ಓಟು ಹಾಕಿಸಿದರು. ನಮ್ಮೂರಿನ ಕರೆಂಟಿನ ಕಥೆ ನಿಮಗೇ ಗೊತ್ತು.

ಹಾಗಾದರೆ ಈಗ ಕಾವಲೇ ಇಲ್ಲವೇ? ಇದೆ. ಫೋಟೋ ಇರುವ ಗುರುತಿನ ಚೀಟಿಯನ್ನು 1993ರಲ್ಲಿ ಜಾರಿಗೆ ತಂದರು. ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದಲೂ ನಮ್ಮ ಮೈಸೂರಿನ ಕಾರ್ಖಾನೆಯದು. ಮತಗಟ್ಟೆಯಲ್ಲಿ ಕೂತ ಏಜೆಂಟರಿಗೆ ಅನುಮಾನ ಬಂದರೆ 2 ರೂಪಾಯಿ ಕಟ್ಟಿ ತಕರಾರು ಮಾಡಬಹುದು. ನಮ್ಮೂರಲ್ಲಿ ಯಾರು ಯಾರ ಮಗಳು, ಯಾರ ಸೊಸೆ ಅಂತ ಅವರಿಗೆ ಗೊತ್ತೇ ಇರುತ್ತದೆ. ಪಟ್ಟಣದಲ್ಲಿ ಪಕ್ಕದ ಮನೆಯವರೇ ಗೊತ್ತಿರುವುದಿಲ್ಲ, ಅಲ್ಲಿ ಮಿಷನ್ನಿನಿಂದ ಸಹಾಯವಾಗಬಹುದು.

ಆದ್ದರಿಂದ ಮಿಷನ್ ತಂದರೆ ತರಲಿ. ಆದರೆ ಬೆರಳು ಒಪ್ಪದವರಿಗೂ ಚೀಟಿ ನೋಡಿ, ಶಾಯಿ ಹಚ್ಚಿ ಓಟು ಹಾಕಲು ಬಿಡಬೇಕು ಎಂಬ ನಿಯಮ ಮೊದಲು ಬರಲಿ. ಗೆಳೆಯರೇ, ಇನ್ನು 5 ವರ್ಷಕ್ಕೆ ನಮಗೂ 18 ತುಂಬುತ್ತದೆ. ಆಗ ನಮ್ಮ ಮುಂದೆ ಸಾಲಿನಲ್ಲಿ ನಿಂತವರು ಯಾರೂ ಓಟು ಹಾಕದೆ ಮನೆಗೆ ಹೋಗಬಾರದು.

ಇದು ನನ್ನ ಅಭಿಪ್ರಾಯ. ಒಪ್ಪದವರು ಮುಂದಿನ ಸಂಚಿಕೆಗೆ ಬರೆದುಕೊಡಿ.

– 7ನೇ ತರಗತಿ ವಿದ್ಯಾರ್ಥಿನಿ