ನಿಮ್ಮದು ಚೆನ್ನ ಅನ್ನಿ, ಅವರದ್ದು ಕೆಟ್ಟದ್ದು ಅನ್ನಬೇಡಿ

ಸ್ವೀಟ್ ಅಂಗಡಿಯವನೊಬ್ಬ ‘ಪ್ರಪಂಚದಲ್ಲೇ ಇಂಥ ಮೈಸೂರ್‌ಪಾಕ್ ಸಿಗಲ್ಲ’ ಅಂತ ಬೋರ್ಡ್ ಹಾಕಿಕೊಂಡರೆ ಯಾರೂ ಅವನ ಮೇಲೆ ಕೇಸ್ ಹಾಕಲ್ಲ. ಅವನು ಪ್ರಪಂಚವನ್ನೆಲ್ಲ ಸುತ್ತಿ ಬಂದಿದ್ದಾನಾ ಅಂತ ಯಾರೂ ಕೇಳಲ್ಲ. ಅದೇ ಬೋರ್ಡಿನಲ್ಲಿ ‘ಎದುರುಗಡೆ ಅಂಗಡಿಯವರು ತುಪ್ಪ ಅಂತ ಹೇಳಿ ಡಾಲ್ಡಾ ಹಾಕ್ತಾರೆ’ ಅಂತ ಬರೆದರೆ? ಆಗ ಕಥೆಯೇ ಬೇರೆ. ಮೊದಲನೆಯದು ಕೊಚ್ಚಿಕೊಳ್ಳುವುದು, ಎರಡನೆಯದು ಇನ್ನೊಬ್ಬರ ಮಾಲಿಗೆ ಮಸಿ ಬಳಿಯುವುದು. ಸುಳ್ಳಾದರೆ ಅದು ಅವರ ಹೊಟ್ಟೆಯ ಮೇಲೆ ಹೊಡೆದ ಹಾಗೆ.

ಈ ಎರಡರ ನಡುವಿನ ಗೆರೆ ಎಲ್ಲಿದೆ ಅಂತ ನ್ಯಾಯಾಲಯಗಳು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಹುಡುಕುತ್ತಿವೆ. ನಾವು ಸಾಫ್ಟ್‌ವೇರ್‌ನವರಿಗೂ ಇದು ಹೊಸದೇನಲ್ಲ. ‘ನಾವು ವರ್ಸಸ್ ಅವರು’ ಅಂತ ಒಂದು ಟೇಬಲ್, ನಮ್ಮ ಕಡೆ ಎಲ್ಲಾ ಹಸಿರು ಟಿಕ್, ಅವರ ಕಡೆ ಎಲ್ಲಾ ಕೆಂಪು ಇಂಟು. ಇಂಥ ಪುಟ ಇಲ್ಲದ ಕಂಪನಿ ವೆಬ್‌ಸೈಟ್ ಅಪರೂಪ. ಆದರೆ ಈ ಜಗಳದ ಒಳ್ಳೊಳ್ಳೆ ಕಥೆಗಳು ಇರುವುದು ನಮ್ಮ ಮನೆಯ ಬಚ್ಚಲಲ್ಲಿ, ಅಡುಗೆಮನೆಯಲ್ಲಿ, ಫ್ರಿಜ್‌ನಲ್ಲಿ.

ಮೊದಲು ಬಚ್ಚಲಿಗೆ ಬನ್ನಿ. ಬಿಳಿ ಬಟ್ಟೆಗೆ ಹಾಕುವ ನೀಲಿ ನೆನಪಿದೆಯಲ್ವಾ? ಎಂ.ಪಿ. ರಾಮಚಂದ್ರನ್ ಅನ್ನುವವರು 1983ರಲ್ಲಿ ಕೇರಳದ ತ್ರಿಶೂರಿನಲ್ಲಿ ಸಹೋದರನ ಹತ್ತಿರ 5,000 ರೂಪಾಯಿ ಸಾಲ ಪಡೆದು ಶುರು ಮಾಡಿದ್ದು ಉಜಾಲಾ. ಆಗ ನೀಲಿ ಅಂದರೆ ರಾಬಿನ್ ಬ್ಲೂ. ಅದನ್ನು ಮಾಡುತ್ತಿದ್ದದ್ದು ರೆಕಿಟ್ ಅಂಡ್ ಕೋಲ್ಮನ್ ಅನ್ನುವ ದೊಡ್ಡ ಕಂಪನಿ. ಉಜಾಲಾದ ಒಂದು ಟಿವಿ ಜಾಹೀರಾತಿನಲ್ಲಿ ಬೇರೆ ನೀಲಿಯ ಡಬ್ಬಿಯೊಂದನ್ನು ತೋರಿಸಿ, ಅದು ದುಬಾರಿ, ಕೆಲಸಕ್ಕೆ ಬಾರದ್ದು ಅನ್ನುವ ಅರ್ಥ ಬರುವಂತೆ ಹೇಳಲಾಗಿತ್ತು. ರಾಬಿನ್ ಅನ್ನುವ ಹೆಸರು ಎಲ್ಲೂ ಇರಲಿಲ್ಲ. ಆದರೆ ಡಬ್ಬಿಯ ಆಕಾರ, ಹತ್ತು ರೂಪಾಯಿ ಬೆಲೆ ಎರಡೂ ರಾಬಿನ್ ಕಡೆಗೇ ಬೆರಳು ತೋರಿಸುತ್ತಿದ್ದವು.

ಕಲ್ಕತ್ತಾ ಹೈಕೋರ್ಟ್ ಜಾಹೀರಾತಿಗೆ ತಡೆ ಕೊಟ್ಟಿತು. ಅದಕ್ಕಿಂತ ಮುಖ್ಯವಾಗಿ, ಇಂದಿಗೂ ವಕೀಲರು ಬಾಯಿಪಾಠ ಒಪ್ಪಿಸುವ ಕೆಲವು ಸೂತ್ರಗಳನ್ನು ಮುಂದಿಟ್ಟಿತು. ಸರಳವಾಗಿ ಹೇಳುವುದಾದರೆ: ನನ್ನ ಮಾಲು ಪ್ರಪಂಚದಲ್ಲೇ ಶ್ರೇಷ್ಠ ಅನ್ನಬಹುದು, ನಿಜವಲ್ಲದಿದ್ದರೂ ಸರಿ. ಅವನದ್ದಕ್ಕಿಂತ ನನ್ನದು ಚೆನ್ನ ಅನ್ನಬಹುದು. ಎರಡನ್ನೂ ಹೋಲಿಸಿ ನನ್ನದರ ಅನುಕೂಲ ಹೇಳಬಹುದು. ಆದರೆ ‘ಅವನದ್ದು ಕೆಟ್ಟದ್ದು’ ಅನ್ನುವ ಹಾಗಿಲ್ಲ. ಅಂದರೆ ಅದು ಅವನ ಮಾಲಿನ ಮಾನ ಕಳೆದ ಹಾಗೆ. ಆಗ ಕೋರ್ಟ್ ತಡೆಯಾಜ್ಞೆ ಕೊಡಬಹುದು.

ಮಾಲಿಗೂ ಮಾನವೇ ಅಂತ ನಗು ಬರುತ್ತೆ. ಇದೆ, ಸ್ವಾಮಿ.

ಕೊಚ್ಚಿಕೊಳ್ಳುವುದಕ್ಕೆ ಕಾನೂನು ಯಾಕೆ ಇಷ್ಟು ಉದಾರ? ಇದರ ಬೇರು 1895ರ ಒಂದು ಇಂಗ್ಲಿಷ್ ತೀರ್ಪಿನಲ್ಲಿದೆ. ಮೆಲ್ಲಿನ್ ಅನ್ನುವವನು ಮಕ್ಕಳ ಆಹಾರ ತಯಾರಿಸುತ್ತಿದ್ದ. ಅದನ್ನು ಮಾರುತ್ತಿದ್ದ ವೈಟ್ ಅನ್ನುವ ಅಂಗಡಿಯವನು ಆ ಪೊಟ್ಟಣದ ಮೇಲೇ, ತಾನು ಮಾರುವ ಇನ್ನೊಂದು ಆಹಾರ ಎಲ್ಲಕ್ಕಿಂತ ಪುಷ್ಟಿಕರ ಅಂತ ಚೀಟಿ ಅಂಟಿಸಿಬಿಟ್ಟ! ಹೌಸ್ ಆಫ್ ಲಾರ್ಡ್ಸ್ ಮೆಲ್ಲಿನ್ ಪರ ತೀರ್ಪು ಕೊಡಲಿಲ್ಲ. ಯಾರ ಮಾಲು ಉತ್ತಮ ಅಂತ ತೀರ್ಮಾನಿಸುತ್ತಾ ಕೂತರೆ ಕೋರ್ಟುಗಳೇ ಜಾಹೀರಾತು ಯಂತ್ರಗಳಾಗಿಬಿಡುತ್ತವೆ ಅನ್ನುವುದು ಅಲ್ಲಿನ ನ್ಯಾಯಮೂರ್ತಿಗಳ ಆತಂಕ. ಇಂಥ ಕೇಸಿನಲ್ಲಿ ಗೆಲ್ಲಬೇಕಾದರೆ ಹೇಳಿದ್ದು ಸುಳ್ಳು, ಹೇಳಿದವನ ಉದ್ದೇಶ ಕೆಟ್ಟದ್ದು, ಅದರಿಂದ ನಿಜವಾಗಿ ನಷ್ಟವಾಯಿತು ಅಂತ ತೋರಿಸಬೇಕು.

ನಮ್ಮಲ್ಲಿ ಈ ಉದಾರತೆಗೆ ಆಮೇಲೆ ಕಡಿವಾಣ ಬಿತ್ತು. 1995ರಲ್ಲಿ ಟಾಟಾ ಪ್ರೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಜಾಹೀರಾತು ಕೂಡ ಸಂವಿಧಾನದ 19(1)(ಎ) ವಿಧಿ ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂದಿತ್ತು. ಆದರೆ ಸುಳ್ಳು, ದಾರಿ ತಪ್ಪಿಸುವ ಜಾಹೀರಾತಿಗೆ ಆ ರಕ್ಷಣೆ ಇಲ್ಲ. ಇದನ್ನು ಇಟ್ಟುಕೊಂಡೇ 2010ರಲ್ಲಿ ದೆಹಲಿ ಹೈಕೋರ್ಟ್, ಸೊಳ್ಳೆ ಕ್ರೀಮಿನ ಜಗಳವೊಂದರಲ್ಲಿ, ಸ್ವಲ್ಪ ಉಬ್ಬಿಸಿ ಹೇಳಿದರೆ ಪರವಾಗಿಲ್ಲ, ಸುಳ್ಳು ಹೇಳಿ ಮೋಸ ಮಾಡುವ ಹಾಗಿಲ್ಲ ಅಂತ ಹಳೆಯ ಸೂತ್ರವನ್ನು ತಿದ್ದಿತು.

ಗೆರೆ ಎಷ್ಟು ಸಣ್ಣದು ಅಂತ ತಿಳಿಯಬೇಕಾದರೆ 2025ರ ಚ್ಯವನಪ್ರಾಶದ ಜಗಳ ನೋಡಿ. ‘40 ಗಿಡಮೂಲಿಕೆಗಳ ಸಾಧಾರಣ ಚ್ಯವನಪ್ರಾಶಕ್ಕೆ ಯಾಕೆ ತೃಪ್ತರಾಗ್ತೀರಿ’ ಅನ್ನುವ ಧಾಟಿಯಲ್ಲಿ ಪತಂಜಲಿ ಜಾಹೀರಾತು ಕೊಟ್ಟಿತು. ಡಾಬರ್ ತನ್ನ ಡಬ್ಬಿಯ ಮೇಲೆ ಹೇಳಿಕೊಳ್ಳುವುದು 40ಕ್ಕೂ ಹೆಚ್ಚು ಗಿಡಮೂಲಿಕೆ ಅಂತಲೇ. ಜುಲೈನಲ್ಲಿ ದೆಹಲಿ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿತು. ಪತಂಜಲಿ ಮೇಲ್ಮನವಿ ಹಾಕಿದಾಗ ಸೆಪ್ಟೆಂಬರಿನಲ್ಲಿ ವಿಭಾಗೀಯ ಪೀಠ, ‘ಸಾಧಾರಣ ಚ್ಯವನಪ್ರಾಶ’ ಅಂತ ಬೇಕಾದರೆ ಹೇಳಿಕೊಳ್ಳಿ, ‘40 ಗಿಡಮೂಲಿಕೆ’ ಅನ್ನುವುದು ಹೋಗಬೇಕು ಅಂದಿತು. ‘ಸಾಧಾರಣ’ ಅಂದರೆ ಊರಿಗೆಲ್ಲ ಹೇಳಿದ್ದು, ‘40’ ಅಂದರೆ ಒಬ್ಬರ ಕಡೆ ಬೆರಳು ತೋರಿಸಿದ್ದು. ಒಂದು ಸಂಖ್ಯೆಯಲ್ಲಿ ಅಡಗಿತ್ತು ಇಡೀ ವ್ಯತ್ಯಾಸ.

ಹಾಗಾದರೆ ಊರಿಗೆಲ್ಲ ಬೈದರೆ ಬಚಾವಾ? ಅದೂ ಇಲ್ಲ. ಈಗ ಫ್ರಿಜ್ ತೆಗೆಯಿರಿ.

2017ರಲ್ಲಿ ಅಮುಲ್ ಒಂದು ಜಾಹೀರಾತು ತಂದಿತು. ನಮ್ಮದು ನಿಜವಾದ ಹಾಲಿನ ಐಸ್‌ಕ್ರೀಮ್, ಫ್ರೋಜನ್ ಡೆಸರ್ಟ್‌ನಲ್ಲಿ ಇರುವುದು ವನಸ್ಪತಿ ಅನ್ನುವುದು ಅದರ ತಿರುಳು. ಯಾವ ಕಂಪನಿಯ ಹೆಸರೂ ಇರಲಿಲ್ಲ. ಆದರೆ ಆಗ ಕ್ವಾಲಿಟಿ ವಾಲ್ಸ್ ಹೆಸರಲ್ಲಿ ಫ್ರೋಜನ್ ಡೆಸರ್ಟ್ ಮಾರುತ್ತಿದ್ದ ಹಿಂದೂಸ್ತಾನ್ ಯೂನಿಲಿವರ್ ಬಾಂಬೆ ಹೈಕೋರ್ಟಿಗೆ ಹೋಯಿತು. ನಾವು ಬಳಸುವುದು ಸಸ್ಯಜನ್ಯ ಎಣ್ಣೆ, ವನಸ್ಪತಿ ಅಲ್ಲ, ಎರಡೂ ಒಂದೇ ಅಲ್ಲ ಅನ್ನುವುದು ಅದರ ವಾದ. ಜೂನ್‌ನಲ್ಲಿ ತಡೆಯಾಜ್ಞೆ ಬಂತು. 2018ರ ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠವೂ ಅದನ್ನು ಎತ್ತಿಹಿಡಿಯಿತು. ಇಡೀ ಒಂದು ಬಗೆಯ ಪದಾರ್ಥಕ್ಕೆ ಮಸಿ ಬಳಿದರೂ, ಅದನ್ನು ಮಾರುವವನು ಕೋರ್ಟಿಗೆ ಹೋಗಬಹುದು ಅಂತಾಯಿತು.

ಇಲ್ಲಿ ನನಗೆ ಸ್ವಲ್ಪ ಕಸಿವಿಸಿ ಆಗುತ್ತೆ. ಐಸ್‌ಕ್ರೀಮ್ ಮತ್ತು ಫ್ರೋಜನ್ ಡೆಸರ್ಟ್ ಎರಡೂ ಬೇರೆ ಅನ್ನುವುದು ಸುಳ್ಳಲ್ಲ. ಮೊದಲನೆಯದರಲ್ಲಿ ಹಾಲಿನ ಕೊಬ್ಬು, ಎರಡನೆಯದರಲ್ಲಿ ಸಸ್ಯಜನ್ಯ ಕೊಬ್ಬು. ನನ್ನ ಸ್ನೇಹಿತರಲ್ಲಿ ಅರ್ಧ ಜನಕ್ಕೆ ಈ ವ್ಯತ್ಯಾಸ ಗೊತ್ತಾಗಿದ್ದೇ ಈ ಜಗಳದಿಂದ. ಅಂದರೆ ಕಂಪನಿಗಳು ಪರಸ್ಪರ ಕಾಲೆಳೆದಾಗ ನಮಗೆ ಒಮ್ಮೊಮ್ಮೆ ನಿಜ ಸಿಗುತ್ತೆ. ಗೆರೆಯನ್ನು ತುಂಬಾ ಬಿಗಿ ಮಾಡಿದರೆ ದೊಡ್ಡವರು ಪ್ರತಿ ಟೀಕೆಗೂ ನೋಟಿಸ್ ಕಳಿಸಿ ಬಾಯಿ ಮುಚ್ಚಿಸುತ್ತಾರೆ. ತುಂಬಾ ಸಡಿಲ ಮಾಡಿದರೆ ಸುಳ್ಳಿಗೆ ಬೆಲೆ ಬರುತ್ತೆ. ನನ್ನ ಮಟ್ಟಿಗೆ ಅಲ್ಲಿ ತಪ್ಪಾಗಿದ್ದು ‘ವನಸ್ಪತಿ’ ಅನ್ನುವ ಒಂದು ಪದದಲ್ಲಿ. ‘ನಮ್ಮದರಲ್ಲಿ ಹಾಲು, ಅದರಲ್ಲಿ ಸಸ್ಯಜನ್ಯ ಎಣ್ಣೆ, ಲೇಬಲ್ ಓದಿ’ ಅಂದಿದ್ದರೆ ಯಾರು ತಾನೇ ಬೇಡ ಅನ್ನುತ್ತಿದ್ದರು?

ಜಾಹೀರಾತಾದರೆ ಕೊಟ್ಟವರು ಯಾರು ಅಂತ ಗೊತ್ತಿರುತ್ತೆ, ಹಿಡಿಯಬಹುದು. ಪಿಸುಮಾತಾದರೆ? ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್, ಅಂದರೆ ನಮ್ಮ ಏರಿಯಲ್, ಟೈಡ್ ಮಾಡುವವರ ಹಳೆಯ ಲೋಗೋದಲ್ಲಿ ಚಂದ್ರನ ಮುಖ, 13 ನಕ್ಷತ್ರ ಇದ್ದವು. ಅದು ಸೈತಾನನ ಗುರುತು, ಕಂಪನಿಯ ಲಾಭ ಸೈತಾನನ ಪೂಜೆಗೆ ಹೋಗುತ್ತೆ ಅಂತ 1980ರ ಸುಮಾರಿಗೆ ಗಾಳಿಸುದ್ದಿ ಎದ್ದಿತು. 1985ರಲ್ಲಿ ಕಂಪನಿ ತನ್ನ ಪೊಟ್ಟಣಗಳಿಂದ ಆ ಲೋಗೋವನ್ನೇ ತೆಗೆಯಬೇಕಾಯಿತು. ಅಷ್ಟಾದರೂ ಸುದ್ದಿ ಸಾಯಲಿಲ್ಲ. 1995ರಲ್ಲಿ ಪ್ರತಿಸ್ಪರ್ಧಿ ಆಮ್‌ವೇಯ ವಿತರಕರ ನಡುವೆ ವಾಯ್ಸ್ ಮೆಸೇಜ್ ಮೂಲಕ ಅದೇ ಕಥೆ ಮತ್ತೆ ಹರಿದಾಡಿತು. ಕಂಪನಿ ಕೇಸ್ ಹಾಕಿತು. 2007ರಲ್ಲಿ ಯೂಟಾ ರಾಜ್ಯದ ಜ್ಯೂರಿ ನಾಲ್ವರು ಮಾಜಿ ವಿತರಕರು 1.92 ಕೋಟಿ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಬೇಕು ಅಂದಿತು. ಲೆಕ್ಕ ಹಾಕಿ, ಹನ್ನೆರಡು ವರ್ಷ! ಅಷ್ಟು ದೊಡ್ಡ ಕಂಪನಿಗೇ ಹನ್ನೆರಡು ವರ್ಷ.

ಇದನ್ನು ಓದುವಾಗೆಲ್ಲ ನನಗೆ ನಮ್ಮ ಸೋದರತ್ತೆ ನೆನಪಾಗುತ್ತಾರೆ. ತುಮಕೂರಿನಲ್ಲಿ ನಾಲ್ಕು ಜನ ಹೆಂಗಸರನ್ನು ಇಟ್ಟುಕೊಂಡು ಚಟ್ನಿಪುಡಿ, ಸಾರಿನಪುಡಿ, ಹಪ್ಪಳ ಮಾಡಿ ಅಂಗಡಿಗಳಿಗೆ ಹಾಕುತ್ತಾರೆ. ಹೋದ ವರ್ಷ ಬಡಾವಣೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಬಂತು: ಇವರ ಚಟ್ನಿಪುಡಿ ಕೆಂಪಗಿರುವುದು ಮೆಣಸಿನಕಾಯಿಂದ ಅಲ್ಲ, ಬಣ್ಣದಿಂದ. ಜೊತೆಗೆ ಅವರ ಪ್ಯಾಕೆಟ್ಟಿನ ಫೋಟೋ. ಎರಡು ವಾರದಲ್ಲಿ ಮೂರು ಅಂಗಡಿಯವರು ‘ಸದ್ಯಕ್ಕೆ ಬೇಡ ಅಕ್ಕಾ’ ಅಂದರು. ಇನ್ನೊಂದು ಪುಡಿ ಮಾಡುವವರ ಕೆಲಸ ಅಂತ ಅತ್ತೆಗೆ ಅನುಮಾನ, ಆದರೆ ಪುರಾವೆ ಇಲ್ಲ.

“ಏನೋ, ನೀನು ಕಂಪ್ಯೂಟರ್ ಓದಿದೋನು, ಇದು ಯಾರ ಫೋನಿಂದ ಹೊರಟಿದ್ದು ಅಂತ ಕಂಡುಹಿಡಿಯಕ್ಕಾಗಲ್ವಾ?” ಅಂತ ಫೋನ್ ಮಾಡಿದ್ದರು. ಆಗಲ್ಲ ಅತ್ತೆ ಅಂದೆ. ಫಾರ್ವರ್ಡ್ ಆದ ಮೆಸೇಜಿನಲ್ಲಿ ಮೊದಲು ಕಳಿಸಿದವರ ಹೆಸರು ಇರಲ್ಲ.

ವಕೀಲರೊಬ್ಬರನ್ನು ಕೇಳಿದೆವು. ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ ಮಾನನಷ್ಟ ಅಪರಾಧವೇ, ಸಂಸ್ಥೆಗಳಿಗೂ ಅನ್ವಯಿಸುತ್ತೆ, ಸಿವಿಲ್ ದಾವೆಯೂ ಹಾಕಬಹುದು ಅಂದರು. ಆಮೇಲೆ ಕನ್ನಡಕ ತೆಗೆದು, “ಆದರೆ ಯಾರ ಮೇಲಮ್ಮಾ ಹಾಕ್ತೀರಿ?” ಅಂತ ಕೇಳಿದರು. ಅತ್ತೆ ಸುಮ್ಮನಾದರು.

ಕೊನೆಗೆ ಅವರು ಮಾಡಿದ್ದಿಷ್ಟು. ಕೆಲವು ಸಾವಿರ ಖರ್ಚು ಮಾಡಿ ಪುಡಿಯನ್ನು ಲ್ಯಾಬ್ ಪರೀಕ್ಷೆಗೆ ಕಳಿಸಿದರು. ಬಣ್ಣ ಇಲ್ಲ ಅಂತ ವರದಿ ಬಂದ ಮೇಲೆ ಅದರ ಪ್ರತಿಯನ್ನು ಪ್ರತಿ ಅಂಗಡಿಗೂ ತಾವೇ ತೆಗೆದುಕೊಂಡು ಹೋದರು. ಎರಡು ಅಂಗಡಿ ವಾಪಸ್ ಬಂದವು, ಒಂದು ಇವತ್ತಿಗೂ ಬಂದಿಲ್ಲ. ವರದಿಯನ್ನು ಅದೇ ಗುಂಪುಗಳಲ್ಲಿ ಹಾಕಿಸಿದಾಗ ಅದನ್ನು ಫಾರ್ವರ್ಡ್ ಮಾಡಿದವರು ಬೆರಳೆಣಿಕೆಯಷ್ಟು ಜನ. ಸುಳ್ಳಿಗೆ ಸಿಕ್ಕ ಕಾಲು ನಿಜಕ್ಕೆ ಸಿಗಲಿಲ್ಲ.

ದೊಡ್ಡ ಕಂಪನಿಗಳ ಹತ್ತಿರ ವಕೀಲರಿದ್ದಾರೆ, ಹೈಕೋರ್ಟಿದೆ, ತಡೆಯಾಜ್ಞೆ ಇದೆ. ಅತ್ತೆಯಂಥವರ ವ್ಯಾಪಾರ ಉಳಿಯುವುದು, ಮುಳುಗುವುದು ನಮ್ಮ ಹೆಬ್ಬೆರಳಿನ ಮೇಲೆ. ಹಾಗಾಗಿ ಮುಂದಿನ ಸಲ ‘ಈ ಕಂಪನಿಯದ್ದು ತಿನ್ನಬೇಡಿ’ ಅಂತ ಬಂದರೆ ಮೂರು ಪ್ರಶ್ನೆ ಕೇಳಿಕೊಳ್ಳಿ: ಹೇಳಿದವರು ಯಾರು? ಪರೀಕ್ಷೆ ಮಾಡಿದ್ದು ಯಾವ ಲ್ಯಾಬು? ಇದನ್ನು ನಂಬಿದರೆ ಯಾರ ಮಾಲು ಖರ್ಚಾಗುತ್ತೆ? ಮೂರಕ್ಕೂ ಉತ್ತರ ಸಿಗದಿದ್ದರೆ ಮೆಸೇಜು ನಿಮ್ಮ ಫೋನಿನಲ್ಲೇ ನಿಲ್ಲಲಿ. ನಿಜವಾಗಿಯೂ ಕಲಬೆರಕೆಯ ಅನುಮಾನ ಇದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಅಲ್ಲಿ ನಿಮ್ಮ ಹೆಸರು ಬರೆಯಬೇಕಾಗುತ್ತೆ, ಅಷ್ಟೇ.