ಔಷಧ ಬಲ್ಲವರು ರೋಗಿಯ ಬಳಿಗೆ ಬರಲಿ

ಈಚೆಗೆ ವಾಡಿ ಜಂಕ್ಷನ್ನಿನಲ್ಲಿ ಗಾಡಿಯ ದಾರಿ ಕಾಯುತ್ತಿದ್ದಾಗ ಕಲ್ಲುಗಣಿಯ ಕೂಲಿಕಾರನೊಬ್ಬನು ನಮ್ಮ ಪಕ್ಕದಲ್ಲಿ ಜ್ವರದಿಂದ ನಡುಗುತ್ತ ಕುಳಿತಿದ್ದನು. ಅವನ ಕಿಸೆಯಲ್ಲಿ ನಾಲ್ಕು ಗುಳಿಗೆಗಳಿದ್ದವು. ಐದು ದಿನದ ಔಷಧಕ್ಕೆ ದುಡ್ಡು ಸಾಲದೆ ಎರಡು ದಿನದ್ದನ್ನು ಕೊಂಡೆನೆಂದೂ, ಜ್ವರ ಇಳಿದರೆ ಉಳಿದದ್ದನ್ನು ಮಗನಿಗಾಗಿ ಇಡುವೆನೆಂದೂ ಹೇಳಿದನು. ಅವನನ್ನು ಬೈದು ಫಲವೇನು? ಆ ಗುಳಿಗೆಯ ಗುಣದೋಷಗಳನ್ನು ಅವನಿಗೆ ತಿಳಿಸಿ ಹೇಳಿದವರು ಒಬ್ಬರೂ ಇರಲಿಲ್ಲ.

ಇದು ಒಬ್ಬ ಕೂಲಿಕಾರನ ಕಥೆಯಲ್ಲ. ಪೆನಿಸಿಲಿನ್ನನ್ನು ಕಂಡುಹಿಡಿದ ಫ್ಲೆಮಿಂಗ್ ಮಹಾಶಯನು 1945ರಲ್ಲಿ ನೋಬೆಲ್ ಪಾರಿತೋಷಕವನ್ನು ಸ್ವೀಕರಿಸುವಾಗಲೇ, ಸಾಲದಷ್ಟು ಔಷಧ ಸೇವಿಸಿದರೆ ರೋಗಾಣುಗಳು ಅದನ್ನು ಜೀರ್ಣಿಸಿಕೊಳ್ಳಲು ಕಲಿಯುವವೆಂದು ಎಚ್ಚರಿಸಿದ್ದನು. ಆ ಎಚ್ಚರಿಕೆಯನ್ನು ಜಗತ್ತು ಮರೆಯಿತು. ಔಷಧಕ್ಕೆ ಜಗ್ಗದ ರೋಗಾಣುಗಳ ಮೂಲಕವೇ 2019ನೆಯ ಇಸವಿಯೊಂದರಲ್ಲಿ ಜಗತ್ತಿನಾದ್ಯಂತ ಸುಮಾರು 12 ಲಕ್ಷ 70 ಸಾವಿರ ಜನರು ಮಡಿದರೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ.

ನಮ್ಮ ಸೀಮೆಗೆ ಈ ಭಯವು ದೂರದ್ದಲ್ಲ. ಕೋವಿಡ್ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಮರಣವು 2020ರ ಮಾರ್ಚ್ ತಿಂಗಳಲ್ಲಿ, ಕಲಬುರಗಿಯವರೊಬ್ಬರದೇ ಆಗಿದ್ದಿತು. ಶಹಾಬಾದದ ಕಲ್ಲು, ವಾಡಿ ಸೇಡಂಗಳ ಸಿಮೆಂಟು ದೇಶಕ್ಕೆಲ್ಲ ಮನೆ ಕಟ್ಟಿಕೊಡುತ್ತವೆ; ಆದರೆ ಕಲ್ಲು ಒಡೆಯುವವನ ಪುಪ್ಪುಸವನ್ನು ಸೇರುವ ಸಿಲಿಕಾ ಧೂಳು ಕ್ಷಯರೋಗಕ್ಕೆ ಬಾಗಿಲು ತೆರೆಯುತ್ತದೆ. ಚಿಂಚೋಳಿಯ ತಾಂಡಾಗಳಿಂದ ಮುಂಬಯಿ, ಹೈದರಾಬಾದುಗಳಿಗೆ ದುಡಿಯಲು ಹೋದವನು ಆರು ತಿಂಗಳ ಕ್ಷಯ ಚಿಕಿತ್ಸೆಯನ್ನು ನಡುವೆಯೇ ಬಿಟ್ಟನೆಂದರೆ, ರೋಗವು ಮೊದಲಿಗಿಂತ ಕಠಿಣವಾಗಿ ಮರಳಬಹುದು.

ಇದಕ್ಕೆ ಕಾಯದೆಗಳಿಲ್ಲವೆಂದಲ್ಲ. ಅರ್ಹತೆ ಪಡೆದು ನೋಂದಾಯಿತನಾದವನೇ ಔಷಧ ಕೊಡತಕ್ಕದ್ದೆಂದು 1948ರ ಫಾರ್ಮಸಿ ಕಾಯದೆಯೇ ವಿಧಿಸಿದೆ. ಪ್ರಬಲವಾದ ಆಂಟಿಬಯೋಟಿಕ್ಕುಗಳನ್ನೂ ಕ್ಷಯದ ಔಷಧಗಳನ್ನೂ ಮಾರಿದಾಗ ಪ್ರತ್ಯೇಕ ದಫ್ತರದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕೆಂಬ ಎಚ್-1 ನಿಯಮವು 2014ರ ಮಾರ್ಚಿನಿಂದ ಜಾರಿಯಲ್ಲಿದೆ. ಆದರೆ ಕಾಯದೆಯು ದಫ್ತರವನ್ನು ತುಂಬಿಸಬಲ್ಲದು. ರೋಗಿಗೆ ಬುದ್ಧಿ ಹೇಳಲಾರದು. ಅದಕ್ಕೆ ಮನುಷ್ಯರೇ ಬೇಕು.

ಅಂಥ ಮನುಷ್ಯರನ್ನು ತಯಾರಿಸುವ ಮಾರ್ಗವನ್ನು ಅನ್ಯ ದೇಶಗಳು ಕಂಡುಕೊಂಡಿವೆ. ಅಮೇರಿಕದಲ್ಲಿ ಫಾರ್ಮ್.ಡಿ. ಪದವಿ ಪಡೆದವರು ಆಸ್ಪತ್ರೆಯಲ್ಲಿ ಒಂದು ವರ್ಷದ ರೆಸಿಡೆನ್ಸಿ ತರಬೇತಿ ಮುಗಿಸಿ, ಸಾಂಕ್ರಾಮಿಕ ರೋಗಗಳ ಔಷಧಗಳಿಗೆಂದೇ ಇನ್ನೊಂದು ವರ್ಷ ವ್ಯಾಸಂಗ ಮಾಡಬಹುದು. ಇವರು ವೈದ್ಯರೊಡನೆ ಹಾಸಿಗೆಯಿಂದ ಹಾಸಿಗೆಗೆ ತಿರುಗುತ್ತಾರೆ. ರಕ್ತಪರೀಕ್ಷೆಯ ಫಲ ಬಂದೊಡನೆ ಭಾರಿ ಔಷಧವನ್ನು ಬಿಟ್ಟು ಹಗುರಾದದ್ದು ಸಾಕೇ ಎಂದು ವಿಚಾರಿಸುತ್ತಾರೆ. ಮೂತ್ರಪಿಂಡ ಸೋತವನಿಗೆ ಪ್ರಮಾಣವನ್ನು ತೂಗಿ ಹೇಳುತ್ತಾರೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಔಷಧವು ಏಡ್ಸ್, ಮಧುಮೇಹ ಮುಂತಾದವುಗಳ ಔಷಧಗಳ ಬಲವನ್ನು ಕುಗ್ಗಿಸದಂತೆ ಕಾಯುತ್ತಾರೆ.

ನಮ್ಮ ದೇಶದಲ್ಲಿಯೂ ಆರು ವರ್ಷಗಳ ಫಾರ್ಮ್.ಡಿ. ಶಿಕ್ಷಣವು 2008ರಲ್ಲಿ ಆರಂಭವಾಯಿತು. ಕೊನೆಯ ವರ್ಷವೆಲ್ಲ ಆಸ್ಪತ್ರೆಯಲ್ಲಿಯೇ ಕಳೆಯಬೇಕು. ಆದರೆ ಆ ನಿಯಮಾವಳಿಯು ಅಲ್ಲಿಗೇ ನಿಂತಿದೆ. ಸಾಂಕ್ರಾಮಿಕ ರೋಗಗಳಿಗೆಂದು ಮುಂದಿನ ವರ್ಷವೊಂದನ್ನು ಅದು ವಿಧಿಸಿಲ್ಲ. ನಮ್ಮ ತಾಲೂಕು ದವಾಖಾನೆಗಳಲ್ಲಿ ಔಷಧ ಬಲ್ಲವನ ಸ್ಥಾನವೆಂದರೆ ಇಂದಿಗೂ ಕಿಟಕಿಯ ಹಿಂದೆಯೇ: ಚೀಟಿ ನೋಡುವದು, ಗುಳಿಗೆ ಎಣಿಸುವದು, ದಾಸ್ತಾನು ಬರೆಯುವದು. ಕುದುರೆಯನ್ನು ಗಾಣಕ್ಕೆ ಕಟ್ಟಿ ನಡಿಗೆ ಸಾಲದೆಂದು ದೂರಿದಂತಾಯಿತು!

ಆದುದರಿಂದ ನಾವು ಸರಕಾರಕ್ಕೆ ಸೂಚಿಸುವದಿಷ್ಟೇ. ಕಲಬುರಗಿಯಲ್ಲಿ ಸರಕಾರದ ಗಿಮ್ಸ್ ಸಂಸ್ಥೆಯಿದೆ, ಕಾರ್ಮಿಕ ವಿಮಾ ನಿಗಮದ ವೈದ್ಯಕೀಯ ಕಾಲೇಜಿದೆ, ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜಿದೆ. ಇವುಗಳ ಆಶ್ರಯದಲ್ಲಿ ಫಾರ್ಮ್.ಡಿ. ಮುಗಿಸಿದ ತರುಣ ತರುಣಿಯರಿಗೆ ಸಾಂಕ್ರಾಮಿಕ ರೋಗಗಳ ಔಷಧ ಚಿಕಿತ್ಸೆಯಲ್ಲಿ ವೇತನಸಹಿತವಾದ ಉಚ್ಚ ತರಬೇತಿಯನ್ನು ಆರಂಭಿಸಬೇಕು. ತರಬೇತಿಯ ಅರ್ಧ ಅವಧಿಯನ್ನು ಸೇಡಂ, ಚಿತ್ತಾಪುರ, ಚಿಂಚೋಳಿಗಳ ತಾಲೂಕು ಆಸ್ಪತ್ರೆಗಳಲ್ಲಿಯೂ, ಶಹಾಬಾದ, ವಾಡಿಗಳ ಕಾರ್ಮಿಕರ ನಡುವೆಯೂ ಕಳೆಯತಕ್ಕದ್ದು. ಮುಗಿಸಿದವರಿಗೆ ಹುದ್ದೆಯೂ ಇರತಕ್ಕದ್ದು. ಹುದ್ದೆಯಿಲ್ಲದ ತರಬೇತಿಯು ಇನ್ನೊಂದು ಕಾಗದದ ಪ್ರಶಸ್ತಿಯಾದೀತು. 371(ಜೆ) ಕಲಮಿನ ಮೇರೆಗೆ ಈ ಸೀಮೆಯ ಮಕ್ಕಳಿಗೆ ದೊರೆತ ಹಕ್ಕು ಇಂಥ ಕಡೆಯಲ್ಲಿ ಸಾರ್ಥಕವಾಗಬೇಡವೇ?

ವೈದ್ಯರೇ ಸಾಲದಿರುವಲ್ಲಿ ಈ ವೈಭೋಗವೇಕೆಂದು ಕೆಲವರು ಕೇಳಬಹುದು. ವೈದ್ಯರು ಸಾಲದಿರುವದರಿಂದಲೇ ಬೇಕು. ಒಂದು ಹೊತ್ತಿಗೆ ಹತ್ತಾರು ರೋಗಿಗಳನ್ನು ನೋಡುವ ವೈದ್ಯನಿಗೆ ಪ್ರತಿಯೊಬ್ಬನ ಔಷಧವನ್ನು ಮತ್ತೆ ಮತ್ತೆ ತೂಗಿ ನೋಡಲು ವೇಳೆಯೆಲ್ಲಿ? ತಮ್ಮ ಅಧಿಕಾರಕ್ಕೆ ಕುಂದು ಬಂದೀತೆಂದು ವೈದ್ಯ ಮಿತ್ರರೂ ಶಂಕಿಸಬೇಕಾಗಿಲ್ಲ. ಚೀಟಿ ಬರೆಯುವ ಕೈ ಅವರದೇ, ಜೊತೆಗೆ ನೋಡುವ ಕಣ್ಣೊಂದು ಹೆಚ್ಚಾಗುವದು. 2021ರಲ್ಲಿ ಕೋವಿಡ್ ಗುಣವಾದವರನ್ನು ಕಪ್ಪು ಶಿಲೀಂಧ್ರವು ಹಿಡಿದಾಗ, ಸ್ಟೀರಾಯ್ಡುಗಳ ಮಿತಿಮೀರಿದ ಬಳಕೆ ಮತ್ತು ಹದ್ದಿಲ್ಲದ ಮಧುಮೇಹ ಇವೆರಡರ ಪಾಲನ್ನೂ ದೇಶವು ನೋಡಿತು. ಆ ಪಾಠದ ಬೆಲೆಯನ್ನು ಎಷ್ಟೋ ಮನೆಗಳು ತೆತ್ತಿವೆ. ಅದನ್ನು ಮತ್ತೊಮ್ಮೆ ತೆರುವ ಪ್ರಸಂಗ ಬಾರದಿರಲಿ.

ಹೊಸ ಕಟ್ಟಡವನ್ನು ನಾವು ಬೇಡುತ್ತಿಲ್ಲ, ಶಿಲಾನ್ಯಾಸವನ್ನೂ ಬೇಡುತ್ತಿಲ್ಲ. ಕಿಟಕಿಯ ಹಿಂದೆ ನಿಂತ ವಿದ್ಯೆಯನ್ನು ರೋಗಿಯ ಬಳಿಗೆ ಕರೆತನ್ನಿರೆಂದು ಮಾತ್ರ ಕೇಳುತ್ತಿದ್ದೇವೆ. ವಾಡಿಯ ಆ ಕೂಲಿಕಾರನ ಮಗನಿಗೆ ನಾಳೆ ಜ್ವರ ಬಂದಾಗ, ಅವನಿಗೆ ಕೊಟ್ಟ ಔಷಧವು ಇನ್ನೂ ಔಷಧವಾಗಿಯೇ ಉಳಿದಿರಬೇಕು. ಈ ಹೊಣೆಯು ಸರಕಾರದ್ದು; ಸರಕಾರವನ್ನು ಎಚ್ಚರಿಸುವ ಹೊಣೆಯು ನಮ್ಮ ನಾಗರಿಕರದು.