ಲಾಗ್ ಫೈಲಿನಲ್ಲಿ ಸಿಕ್ಕ ಪಾಸ್‌ವರ್ಡು

ಇಲ್ಲಿ ಬರೆಯದೆ ತಿಂಗಳುಗಳೇ ಆದವು. ಬೈಯಬೇಡಿ, ಅಡಿಕೆ ಕೊಯ್ಲು ಅಂತ ಊರಲ್ಲಿದ್ದೆ. ಸೊರಬದಲ್ಲಿ ಕೂತು ಆಫೀಸಿನ ಕೆಲಸ ಅಂದ್ರೆ ಹಗಲೆಲ್ಲ ಮೀಟಿಂಗು, ಸಂಜೆ ಅಡಿಕೆ ಸುಲಿಯೋರ ಜೊತೆ ಹರಟೆ. ಅಂಥದೇ ಒಂದು ಸಂಜೆ ಗೆಳೆಯನ ಫೋನು. "ನಿನ್ನ ಬ್ಯಾಕಪ್ ಸ್ಕ್ರಿಪ್ಟಿನ ಲಾಗ್ ನೋಡಿದೀಯೇನೋ? ಡೇಟಾಬೇಸಿನ ಪಾಸ್‌ವರ್ಡು ಹಲ್ಲು ಕಿರಿದುಕೊಂಡು ಕೂತಿದೆ ಮಾರಾಯ!"

ಆಗಿದ್ದು ಇಷ್ಟೇ. ಯಾವಾಗಲೋ ಏನೋ ತೊಂದರೆ ಹುಡುಕೋಕೆ ಅಂತ ಸ್ಕ್ರಿಪ್ಟಿನ ಮೇಲ್ಗಡೆ ‘ಸೆಟ್ -ಎಕ್ಸ್’ ಹಾಕಿದ್ದೆ, ತೆಗೆಯೋದು ಮರೆತೆ. ಅದು ಪ್ರತಿ ಕಮ್ಯಾಂಡನ್ನೂ ನಡೆಸುವ ಮುಂಚೆ, ವೇರಿಯಬಲ್ಲಿನ ಹೆಸರಿದ್ದ ಕಡೆ ಅದರೊಳಗೆ ಇರೋದನ್ನೇ ತುಂಬಿ, ಸ್ಟಾಂಡರ್ಡ್ ಎರರ್‌ಗೆ ಬರೆಯುತ್ತೆ. ಕ್ರಾನ್‌ನಲ್ಲಿ ಆ ಎರರ್ ಕೂಡ ಲಾಗಿಗೇ ಹೋಗಲಿ ಅಂತ ತಿರುಗಿಸಿದವನೂ ನಾನೇ. ಮಜಾ ಅಂದ್ರೆ, ಪಾಸ್‌ವರ್ಡ್ ಖಾಲಿ ಇದೆಯಾ ಅಂತ ನೋಡೋಕೆ ಬರೆದ ನನ್ನ ಜಾಣತನದ ಸಾಲೂ ಅದನ್ನ ಲಾಗಿನಲ್ಲಿ ಬರೆದಿಟ್ಟಿತ್ತು! ಫೈಲಿನ ಪರ್ಮಿಶನ್ 644. ಆ ಮಷೀನಿಗೆ ಲಾಗಿನ್ ಆಗೋ ಯಾರು ಬೇಕಾದ್ರೂ ಓದಬಹುದು.

ಅಪ್ಪನಿಗೆ ವಿವರಿಸಿದೆ. "ತಿಜೋರಿ ಕೀಲಿಕೈ ಬಚ್ಚಿಟ್ಟು, ಎಲ್ಲಿಟ್ಟಿದೀನಿ ಅಂತ ಜಗಲಿ ಗೋಡೆ ಮೇಲೆ ಬರೆದಂಗಾಯ್ತಲ್ಲೋ" ಅಂದ್ರು.

"ಒಳಗಿನ ಲಾಗ್ ತಾನೇ, ಯಾರು ನೋಡ್ತಾರೆ" ಅನ್ನೋರಿದ್ದಾರೆ. 2018ರ ಮೇ ತಿಂಗಳಲ್ಲಿ ಟ್ವಿಟ್ಟರ್ ತನ್ನ ಒಳಗಿನ ಲಾಗಿನಲ್ಲೇ ಜನರ ಪಾಸ್‌ವರ್ಡುಗಳು ಹಸಿಹಸಿಯಾಗಿ ಬಿದ್ದಿದ್ದವು ಅಂತ ಒಪ್ಪಿಕೊಂಡು, 33 ಕೋಟಿ ಬಳಕೆದಾರರಿಗೆ ಬದಲಾಯಿಸಿಕೊಳ್ಳಿ ಅಂದಿತ್ತು. ಅಷ್ಟಕ್ಕೂ ಲಾಗ್ ಒಂದೇ ಕಡೆ ಇರೋ ವಸ್ತುವಲ್ಲ. ಏನಾದ್ರೂ ಕೆಟ್ಟಾಗ ಮೊದಲು ಮೇಲ್‌ಗೆ ಅಂಟಿಸಿ ಕಳಿಸೋದೇ ಅದನ್ನ.

ಇನ್ನು ಕೆಲವರು ‘ಸೆಡ್’ ಹಾಕಿ ಪಾಸ್‌ವರ್ಡ್ ಜಾಗದಲ್ಲಿ ಚುಕ್ಕಿ ತುಂಬು ಅಂತಾರೆ. ನನಗೆ ಒಪ್ಪಿಗೆಯಿಲ್ಲ. ಪಾಸ್‌ವರ್ಡಿನಲ್ಲಿ ಒಂದು ಸ್ಲ್ಯಾಶೋ ಡಾಲರ್ ಚಿಹ್ನೆಯೋ ಬಂದ್ರೆ ಸೆಡ್ ಮುಗ್ಗರಿಸುತ್ತೆ. ಸ್ಕ್ರಿಪ್ಟಿನ ಕೈಗೆ ಗುಟ್ಟು ಕೊಡದೇ ಇರೋದೇ ವಾಸಿ. ಪಾಸ್‌ವರ್ಡನ್ನ 600 ಪರ್ಮಿಶನ್ನಿನ ಬೇರೆ ಫೈಲಲ್ಲಿಟ್ಟು, ಮೈಎಸ್‌ಕ್ಯೂಎಲ್‌ಡಂಪ್‌ಗೆ ‘--ಡಿಫಾಲ್ಟ್ಸ್-ಎಕ್ಸ್‌ಟ್ರಾ-ಫೈಲ್’ ಮೂಲಕ ಕೊಡಿ (ಇದು ಮೊದಲ ಆಪ್ಷನ್ ಆಗಿರಲೇಬೇಕು, ಅರ್ಧ ಗಂಟೆ ತಲೆ ಕೆರೆದುಕೊಂಡೆ). ಕರ್ಲ್‌ಗೆ ನೆಟ್‌ಆರ್‌ಸಿ ಇದೆ. ಆಗ ‘ಸೆಟ್ -ಎಕ್ಸ್’ ಮರೆತರೂ ಲಾಗಿಗೆ ಬರೋದು ಬರೀ ಫೈಲಿನ ಹೆಸರು.

ಅವತ್ತು ರಾತ್ರಿಯೇ ಪಾಸ್‌ವರ್ಡ್ ಬದಲಾಯಿಸಿದೆ. ಹಳೆಯದು ಜಿಪ್ ಆದ ಹಳೇ ಲಾಗುಗಳಲ್ಲಿ ಎಲ್ಲೆಲ್ಲಿದೆಯೋ ಅಂತ ಹುಡುಕಿದ್ದೂ ಆಯ್ತು. ನೀವೂ ಒಮ್ಮೆ ನಿಮ್ಮ ಲಾಗುಗಳಲ್ಲಿ ಹುಡುಕಿ. ಆದ್ರೆ ಪಾಸ್‌ವರ್ಡನ್ನೇ ಗ್ರೆಪ್ ಮುಂದೆ ಟೈಪ್ ಮಾಡಬೇಡಿ, ಅದು ಬ್ಯಾಶ್ ಹಿಸ್ಟರಿಗೆ ಹೋಗಿ ಕೂರುತ್ತೆ. ನಾನು ಹಾಗೇ ಮಾಡಿದೆ :-)